ಹಗುರ ಮಾತಿನ ಭಾರ



ಮಾತಿಗೂ ಒಂದು ತೂಕವುಂಟು. ಆಡಿದವನಿಗೆ ಅದು ತಿಳಿಯುವುದಿಲ್ಲ. ಕೇಳಿಸಿಕೊಂಡವರಿಗೆ ಮಾತ್ರ ತಿಳಿಯುತ್ತದೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಅಲಂಕಾರಗಳನ್ನು ಓದಿ, ಬದುಕಿನ ಬಹುಭಾಗವನ್ನು ಶಬ್ದಗಳ ಸಹವಾಸದಲ್ಲಿಯೇ ಕಳೆದ ನಾವು ಈ ಸಂಗತಿಯನ್ನು ಗ್ರಂಥದಿಂದ ಕಲಿಯಲಿಲ್ಲ. ಅರುವತ್ತು ದಾಟಿದ ಮೇಲೆ ಎಂಟು ವರ್ಷದ ಬಾಲಕನೊಬ್ಬನಿಂದ ಕಲಿತೆವು. ಆ ಪ್ರಸಂಗದಿಂದಲೇ ಈ ಲೇಖನವನ್ನು ಆರಂಭಿಸುವುದು ಉಚಿತವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಇಂದಿರಾನಗರದಲ್ಲಿರುವ ಭಕ್ತರೊಬ್ಬರ ಮನೆಗೆ ಶ್ರಾವಣ ಸೋಮವಾರದ ಪೂಜೆಗೆಂದು ನಮ್ಮನ್ನು ಬರಮಾಡಿಕೊಂಡಿದ್ದರು. ಪೂಜೆ, ಪ್ರಸಾದಗಳು ಮುಗಿದು ನಡುಮನೆಯಲ್ಲಿ ಕುಳಿತಾಗ ಮನೆಯ ಮಗನನ್ನು ಕುರಿತು, ಎಲ್ಲಿ ಉದ್ಯೋಗ, ಎಂಥ ಕೆಲಸ, ಕೈಕೆಳಗೆ ಎಷ್ಟು ಜನರಿದ್ದಾರೆ ಎಂದೆಲ್ಲ ವಿಚಾರಿಸಿದೆವು. ಸೊಸೆ ಹಣ್ಣಿನ ತಟ್ಟೆಯನ್ನು ತಂದಿಟ್ಟಾಗ, "ಅಡುಗೆ ಬಹಳ ರುಚಿಯಾಗಿತ್ತು ತಾಯಿ, ಮನೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ" ಎಂದು ಹರಸಿದೆವು. ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದ ಮೊಮ್ಮಗ ತಲೆಯೆತ್ತಿ, "ಅಮ್ಮನೂ ಎಂಜಿನಿಯರು. ಅಪ್ಪನ ಕೆಲಸ ಕೇಳಿದಿರಿ, ಅಮ್ಮನ ಕೆಲಸ ಏಕೆ ಕೇಳಲಿಲ್ಲ? ಇವತ್ತು ಸಾರು ಮಾಡಿದ್ದು ಅಪ್ಪ" ಎಂದ.

ಮನೆ ಒಂದು ಕ್ಷಣ ಸ್ತಬ್ಧವಾಯಿತು. ಅಜ್ಜ ಕೆಮ್ಮಿದರು. ಆ ತಾಯಿ ಮಗನನ್ನು ಗದರಿಸಿ, "ಹಿರಿಯರ ಮುಂದೆ ಹಾಗೆಲ್ಲ ಮಾತನಾಡಬಾರದು" ಎಂದು ಒಳಗೆ ಕಳುಹಿಸಿದರು. ನಾವೂ ನಕ್ಕು ಮಾತನ್ನು ಬೇರೆಡೆಗೆ ತಿರುಗಿಸಿದೆವು. ಆದರೆ ಹಿಂದಿರುಗುವ ದಾರಿಯಲ್ಲಿ ಮನಸ್ಸು ಸುಮ್ಮನಿರಲಿಲ್ಲ. ತಪ್ಪು ನಮ್ಮದು, ಬೈಸಿಕೊಂಡದ್ದು ಮಗು, ನಮ್ಮ ಮರ್ಯಾದೆಯನ್ನು ಕಾಪಾಡಿದವರು, ಯಾರ ಮರ್ಯಾದೆಯನ್ನು ನಾವು ಮರೆತಿದ್ದೆವೋ ಆ ತಾಯಿ. ನಾವು ಯಾವ ಕೆಟ್ಟ ಮಾತನ್ನೂ ಆಡಿರಲಿಲ್ಲ, ಹರಸಿಯೇ ಇದ್ದೆವು. ಆ ಹರಕೆಯೊಳಗೇ ಆಕೆಯ ಓದು, ದುಡಿಮೆ, ಬುದ್ಧಿ ಎಲ್ಲವನ್ನೂ ಒರೆಸಿಹಾಕಿದ್ದೆವು.

ದಾರಿಯಲ್ಲಿ ಕೇಳಿದ ಮಾತುಗಳು

ಅಂದಿನಿಂದ ನಮ್ಮ ಕಿವಿಗೆ ಹೊಸದೊಂದು ಅಭ್ಯಾಸವಾಯಿತು. ನಮ್ಮ ವಾಸ ಕೆ.ಆರ್. ಪುರದ ಕಡೆ. ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿಸಲು ಆಗಾಗ ಶಿವಾಜಿನಗರಕ್ಕೆ ಬರುವುದುಂಟು. ಅಲ್ಲಿಂದ ಹಲಸೂರು, ಹಳೆ ಮದರಾಸು ರಸ್ತೆ, ಇಂದಿರಾನಗರದ ಅಂಚು, ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿಗಳನ್ನು ದಾಟಿ ಬಸ್ಸು ನಮ್ಮೂರನ್ನು ಮುಟ್ಟುತ್ತದೆ. ೨೦೨೩ರಿಂದ ಮೆಟ್ರೋ ರೈಲೂ ಕೆ.ಆರ್. ಪುರಕ್ಕೆ ಬರುತ್ತಿದೆಯಾದರೂ ನಮಗೆ ಬಸ್ಸೇ ರೂಢಿ. ಈ ದಾರಿಯಲ್ಲಿ ಹೋಗುತ್ತ ಬರುತ್ತ, ಹೆಣ್ಣುಮಕ್ಕಳ ಬಗ್ಗೆ ಜನ ಏನು ಹೇಳುತ್ತಾರೆಂದು ಗಮನಿಸತೊಡಗಿದೆವು.

ಶಿವಾಜಿನಗರದಲ್ಲಿ ೧೯೨೭ರಲ್ಲಿ ಕಟ್ಟಲಾದ ರಸೆಲ್ ಮಾರುಕಟ್ಟೆ ಇದೆ. ಅದರ ಸುತ್ತಲಿನ ಬೀದಿಗಳಲ್ಲಿ ಹೂವು, ಹಣ್ಣು, ತರಕಾರಿ ಮಾರುವ ತಾಯಂದಿರು ಹೊತ್ತು ಮೂಡುವ ಮುನ್ನವೇ ಬಂದು ಕುಳಿತಿರುತ್ತಾರೆ. ಆ ಗದ್ದಲದಲ್ಲಿ ಗಟ್ಟಿಯಾಗಿ ಕೂಗದಿದ್ದರೆ ಒಂದು ಮೊಳ ಹೂವೂ ಮಾರಾಟವಾಗದು. ಗಂಡಸು ಕೂಗಿದರೆ ಅವನು ಚತುರ ವ್ಯಾಪಾರಿ. ಹೆಂಗಸು ಕೂಗಿದರೆ 'ಬಜಾರಿ'. ಬಜಾರಿನಲ್ಲಿ ದುಡಿದು ತಿನ್ನುವುದು ಗಂಡಿಗೆ ವೃತ್ತಿಯಾದರೆ ಹೆಣ್ಣಿಗೆ ಬೈಗುಳವಾಗುತ್ತದೆ. ಈ ಶಬ್ದಕ್ಕೆ ಪುಲ್ಲಿಂಗವೇ ಇಲ್ಲವೆಂಬುದನ್ನು ವ್ಯಾಕರಣ ಕಲಿಸಿದ ನಾವು ಎಂದೂ ಗಮನಿಸಿರಲಿಲ್ಲ.

೨೦೨೩ರ ಜೂನ್ ೧೧ರಂದು ಕರ್ನಾಟಕ ಸರ್ಕಾರವು ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯನ್ನು ಆರಂಭಿಸಿತು. ಕಂಡಕ್ಟರರು ಕೊಡುವ ಶೂನ್ಯ ದರದ ಚೀಟಿಯ ಹಣವನ್ನು ಸಾರಿಗೆ ಸಂಸ್ಥೆಗೆ ತುಂಬಿಕೊಡುವುದು ಸರ್ಕಾರದ ಹೊಣೆ. ಯೋಜನೆಯ ಸರಿ ತಪ್ಪುಗಳನ್ನು ಯಾರು ಬೇಕಾದರೂ ವಿಮರ್ಶಿಸಲಿ, ಅದು ಪ್ರಜೆಗಳ ಹಕ್ಕು. ಆದರೆ ನಮ್ಮ ಪಕ್ಕದ ಆಸನದಲ್ಲಿದ್ದ ಗೃಹಸ್ಥರೊಬ್ಬರು ಬುತ್ತಿಯ ಚೀಲ ಹಿಡಿದು ನಿಂತಿದ್ದ ತಾಯಿಯೊಬ್ಬರಿಗೆ ಕೇಳಿಸುವಂತೆಯೇ, "ಇವರಿಗೇನು, ಬಿಟ್ಟಿ ಬಸ್ಸು, ಊರು ಸುತ್ತಲು ಬರುತ್ತಾರೆ" ಎಂದರು. ಆ ತಾಯಿ ಇಂದಿರಾನಗರದ ಮೂರು ಮನೆಗಳ ಪಾತ್ರೆ ತೊಳೆಯಲು ಹೊರಟವರೆಂಬುದು ಮುಂದಿನ ನಿಲ್ದಾಣದೊಳಗೆ ಅವರ ದೂರವಾಣಿ ಮಾತಿನಿಂದಲೇ ತಿಳಿಯಿತು. ನಮ್ಮಂಥ ಹಿರಿಯ ನಾಗರಿಕರಿಗೂ ಬಸ್ಸಿನ ದರದಲ್ಲಿ ರಿಯಾಯಿತಿಯುಂಟು. ನಮ್ಮನ್ನು 'ಬಿಟ್ಟಿ' ಎಂದು ಯಾರೂ ಹಂಗಿಸಿದ್ದಿಲ್ಲ.

ಇದೇ ದಾರಿಯ ಆಸ್ಪತ್ರೆಯೊಂದರಲ್ಲಿ ಕಂಡದ್ದು ಇನ್ನೊಂದು. ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡಿದ್ದ ಹಿರಿಯ ವೈದ್ಯೆಯನ್ನು ರೋಗಿಗಳ ಕಡೆಯವರು 'ಸಿಸ್ಟರ್' ಎನ್ನುತ್ತಿದ್ದರು. ಅವರ ಹಿಂದೆ ನಡೆಯುತ್ತಿದ್ದ ಎಳೆಯ ಶಿಷ್ಯನನ್ನು 'ಡಾಕ್ಟರ್ ಸಾರ್' ಎನ್ನುತ್ತಿದ್ದರು. ದಾದಿಯರ ಸೇವೆ ವೈದ್ಯರ ಸೇವೆಗಿಂತ ಕಿರಿದೆಂದು ನಾವು ಹೇಳುತ್ತಿಲ್ಲ. ಹೆಣ್ಣನ್ನು ಕಂಡೊಡನೆ ಎರಡನೆಯ ಸ್ಥಾನವನ್ನೇ ಊಹಿಸುವ ನಮ್ಮ ಅಭ್ಯಾಸವನ್ನು ಹೇಳುತ್ತಿದ್ದೇವೆ.

ಕೆ.ಆರ್. ಪುರದ ನಮ್ಮ ನೆರೆಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ನಿವೃತ್ತರಾದ ಶರಣೆಯೊಬ್ಬರಿದ್ದಾರೆ. ಒಮ್ಮೆ ಅವರನ್ನು ಕೇಳಿದೆವು. ಅವರು ನಕ್ಕು ಹೇಳಿದರು: "ದೊಡ್ಡ ಅನ್ಯಾಯವೆಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಗುರುಗಳೇ. ಸಭೆಯಲ್ಲಿ ಹನ್ನೆರಡು ಜನರಿದ್ದರೆ ಕಾಫಿ ಹೇಳುವ ಕೆಲಸ ನನ್ನದು, ಟಿಪ್ಪಣಿ ಬರೆಯುವ ಕೆಲಸ ನನ್ನದು. ನಾನು ಹೇಳಿದ ಮಾತನ್ನು ಯಾರೂ ಕೇಳುತ್ತಿರಲಿಲ್ಲ; ಅದನ್ನೇ ಹತ್ತು ನಿಮಿಷದ ಮೇಲೆ ಪಕ್ಕದವರು ಹೇಳಿದರೆ ಎಲ್ಲರೂ ತಲೆದೂಗುತ್ತಿದ್ದರು. ತಪ್ಪು ಲೆಕ್ಕವನ್ನು ತೋರಿಸಿದರೆ, 'ಮನೆಯಲ್ಲಿ ಜಗಳವಾಡಿ ಬಂದಿರಾ ಮೇಡಂ?' ಎನ್ನುತ್ತಿದ್ದರು. ಬಡ್ತಿ ಸಿಕ್ಕಾಗ, ಯಾರನ್ನು ಹಿಡಿದಿರಿ ಎಂದರು. ಒಂದೊಂದೂ ಸಣ್ಣದೇ. ಆದರೆ ಮೂವತ್ತು ವರ್ಷ ದಿನಕ್ಕೊಂದು ಮರಳಿನ ಕಣ ಬಿದ್ದರೆ ಕಣ್ಣು ಏನಾಗಬೇಕು?"

ಕಚೇರಿಯಲ್ಲಿ ಸ್ತ್ರೀಯರ ಮಾನರಕ್ಷಣೆಗೆ ಕಾನೂನು ಇಲ್ಲದಿಲ್ಲ. ಲೈಂಗಿಕ ಕಿರುಕುಳವನ್ನು ತಡೆಯಲು ಸುಪ್ರೀಂ ಕೋರ್ಟು ೧೯೯೭ರಲ್ಲಿ ವಿಶಾಖಾ ಪ್ರಕರಣದಲ್ಲಿ ಮಾರ್ಗಸೂಚಿಗಳನ್ನು ವಿಧಿಸಿತು. ೨೦೧೩ರಲ್ಲಿ ಸಂಸತ್ತು ಅದಕ್ಕಾಗಿಯೇ ಕಾಯಿದೆಯನ್ನು ಮಾಡಿತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿಯೊಂದು ಸ್ಥಳದಲ್ಲಿಯೂ ದೂರು ಕೇಳುವ ಸಮಿತಿಯಿರಬೇಕು. ಆದರೆ 'ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ ಬಿಡಿ' ಎಂಬ ಮಾತನ್ನು ಯಾವ ಸಮಿತಿಯ ಮುಂದೆ ಒಯ್ಯುವುದು? ಕಾನೂನಿನ ಬಲೆಯ ಕಣ್ಣು ದೊಡ್ಡದು. ಇಂಥ ಸಣ್ಣ ಮಾತುಗಳು ಅದರೊಳಗಿಂದ ನುಸುಳಿಹೋಗುತ್ತವೆ.

ಏಕವಚನದ ಕಥೆ

ಕನ್ನಡದಲ್ಲಿ ಗೌರವ ಅಗೌರವಗಳನ್ನು ತಿಳಿಸಲು ಬೈಗುಳವೇ ಬೇಕಿಲ್ಲ; ಸರ್ವನಾಮ ಸಾಕು. ನಮ್ಮ ಮನೆಗಳಲ್ಲಿ 'ಅಪ್ಪ ಬಂದರು', 'ಅಮ್ಮ ಬಂದಳು'. ಗಂಡ ಹೆಂಡತಿಯನ್ನು 'ನೀನು' ಎಂದರೆ ಹೆಂಡತಿ ಗಂಡನನ್ನು 'ನೀವು' ಎನ್ನಬೇಕು. 'ಡ್ರೈವರು ಬಂದರು', 'ಕೆಲಸದವಳು ಬಂದಳು'. ತಾಯಿಯನ್ನು ಏಕವಚನದಲ್ಲಿ ಕರೆಯುವುದು ಸಲುಗೆಯಿಂದಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಪ್ರೀತಿಯ ಏಕವಚನಕ್ಕೆ ಸಮನಾದುದು ಇನ್ನೊಂದಿಲ್ಲ. ಆದರೆ ಆ ಪ್ರೀತಿ ಒಂದೇ ಕಡೆಗೆ ಏಕೆ ಹರಿಯಬೇಕು? ಅರುವತ್ತು ವರ್ಷದ ತಾಯಿಯೊಬ್ಬರು ನಮ್ಮ ಬೀದಿ ಗುಡಿಸಲು ಬಂದಾಗ, ಹದಿನಾರು ವರ್ಷದ ಹುಡುಗ ಮಹಡಿಯಿಂದ 'ಏಯ್, ಇಲ್ಲಿ ಗುಡಿಸು' ಎನ್ನುವುದರಲ್ಲಿ ಯಾವ ಪ್ರೀತಿಯಿದೆ?

ಗಾದೆಗಳೂ ಹಾಗೆಯೇ. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂಬ ಮಾತನ್ನು ನಗುನಗುತ್ತ ಆಡುತ್ತೇವೆ. ಧೈರ್ಯವಿಲ್ಲದವನನ್ನು 'ಬಳೆ ತೊಟ್ಟುಕೋ' ಎಂದು ಮೂದಲಿಸುತ್ತೇವೆ. ಪ್ರತಿಭಟನೆಯ ಹೆಸರಿನಲ್ಲಿ ಅಧಿಕಾರಿಗಳಿಗೆ ಬಳೆಯನ್ನು ಕಳುಹಿಸುತ್ತೇವೆ. ಧೈರ್ಯ ತೋರಿದ ಹೆಣ್ಣನ್ನು 'ಗಂಡುಬೀರಿ' ಎನ್ನುತ್ತೇವೆ. ಅಂಜಿದರೂ ತಪ್ಪು, ಅಂಜದಿದ್ದರೂ ತಪ್ಪು. ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಹಿಂಸಿಸುವುದಕ್ಕೆ 'ಚುಡಾಯಿಸುವುದು' ಎಂಬ ಆಟದ ಹೆಸರನ್ನಿಟ್ಟಿದ್ದೇವೆ. ೨೦೨೩ರ ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೊರತಂದ ಕೈಪಿಡಿಯೊಂದು, ಇಂಥ ಶಬ್ದಗಳನ್ನು ನ್ಯಾಯಾಲಯದ ಆದೇಶಗಳಲ್ಲಿಯೂ ವಾದಪತ್ರಗಳಲ್ಲಿಯೂ ಬಳಸಬಾರದೆಂದು ತಿಳಿಸಿ, ಬದಲಿ ಶಬ್ದಗಳನ್ನು ಸೂಚಿಸಿತು. ಚುಡಾಯಿಸುವುದನ್ನು ಬೀದಿಯ ಲೈಂಗಿಕ ಕಿರುಕುಳವೆಂದೇ ಕರೆಯಬೇಕು. ಉದ್ಯೋಗದಲ್ಲಿರುವ ಹೆಂಗಸನ್ನು ಬೇರೆಯೊಂದು ಜಾತಿಯೆಂಬಂತೆ ಹೆಸರಿಸದೆ ಹೆಂಗಸೆಂದರೆ ಸಾಕು ಎಂಬುದು ಅದರ ಅಭಿಪ್ರಾಯ. ದೇಶದ ಉಚ್ಚ ನ್ಯಾಯಪೀಠವೇ ತನ್ನ ಶಬ್ದಕೋಶವನ್ನು ತಿದ್ದಿಕೊಳ್ಳಲು ಹೊರಟಿರುವಾಗ ನಮ್ಮ ನಡುಮನೆ ಹಿಂದುಳಿಯಬೇಕೆ?

ಮಾತು ನಿಯಮವಾಗುವ ಬಗೆ

'ಇದೆಲ್ಲ ತಮಾಷೆಯ ಮಾತು, ಇಷ್ಟು ದೊಡ್ಡದು ಮಾಡುವುದೇಕೆ?' ಎನ್ನುವವರುಂಟು. ಅವರಿಗೆ ನಮ್ಮ ನಾಡಿನ ಮಗಳೊಬ್ಬರ ವೃತ್ತಾಂತವನ್ನು ನೆನಪಿಸಬೇಕು. ಕೊಡಗಿನ ವಿರಾಜಪೇಟೆಯಲ್ಲಿ ೧೯೨೪ರಲ್ಲಿ ಜನಿಸಿದ ಸಿ.ಬಿ. ಮುತ್ತಮ್ಮನವರು ೧೯೪೯ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆ. ಆ ಸೇವೆ ಹೆಂಗಸರಿಗೆ ತಕ್ಕುದಲ್ಲವೆಂದು ಸಂದರ್ಶನ ಮಂಡಲಿಯೇ ಅವರ ಮನಸ್ಸನ್ನು ತಿರುಗಿಸಲು ಯತ್ನಿಸಿತ್ತು. ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಅವರಿಂದ ಬರೆಸಿಕೊಳ್ಳಲಾಗಿತ್ತು. ಸೇವಾ ನಿಯಮಗಳಲ್ಲಿಯೂ, ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಹೊಣೆ ಕರ್ತವ್ಯಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕಾಗಬಹುದು ಎಂದಿತ್ತು. ಪುರುಷ ಅಧಿಕಾರಿಗೂ ಸಂಸಾರವುಂಟೆಂಬುದು ನಿಯಮ ಬರೆದವರಿಗೆ ಹೊಳೆಯಲಿಲ್ಲ.

ಮುತ್ತಮ್ಮನವರು ಹಂಗೇರಿ ದೇಶಕ್ಕೆ ರಾಯಭಾರಿಯಾದರು. ಆದರೂ ಮುಂದಿನ ಬಡ್ತಿ ತಪ್ಪಿತು. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ೧೯೭೯ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠವು ಇಂಥ ನಿಯಮಗಳಲ್ಲಿರುವ ಸ್ತ್ರೀ ತಾರತಮ್ಯವನ್ನು ನಿಷ್ಠುರವಾಗಿ ಖಂಡಿಸಿತು. ಅಷ್ಟರಲ್ಲಿ ಅವರಿಗೆ ಬಡ್ತಿ ದೊರೆತಿದ್ದುದರಿಂದ ಅರ್ಜಿ ಅಲ್ಲಿಗೆ ಮುಗಿಯಿತಾದರೂ ನಿಯಮಗಳನ್ನೆಲ್ಲ ಪರಿಶೀಲಿಸಿ ತಿದ್ದಬೇಕೆಂದು ಪೀಠ ಹೇಳಿತು. ಆ ಧೀರ ಮಹಿಳೆ ೨೦೦೯ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು.

'ಮದುವೆಯಾದ ಮೇಲೆ ಹೆಂಗಸಿಗೆ ಕೆಲಸದಲ್ಲಿ ಮನಸ್ಸೆಲ್ಲಿರುತ್ತದೆ' ಎಂಬುದು ಜಗುಲಿಯ ಮೇಲೆ ಯಾರೋ ಆಡಿದ ಹಗುರ ಮಾತು. ಅದನ್ನು ಕೇಳಿ ಬೆಳೆದ ಮಗ ಅಧಿಕಾರಿಯಾಗುತ್ತಾನೆ. ಅವನ ಕೈಯಲ್ಲಿ ಅದೇ ಮಾತು ನಿಯಮವಾಗುತ್ತದೆ. ಇಂಥದೇ ಇನ್ನೊಂದು ನಿದರ್ಶನ ೨೦೨೦ರ ಫೆಬ್ರವರಿಯ ಸೇನಾ ಮೊಕದ್ದಮೆ. ಸೈನಿಕರು ಬಹುಮಟ್ಟಿಗೆ ಹಳ್ಳಿಗಳಿಂದ ಬಂದವರು, ಮಹಿಳೆಯ ಅಧಿಕಾರವನ್ನು ಒಪ್ಪಲು ಅವರ ಮನಸ್ಸು ಸಿದ್ಧವಿಲ್ಲ ಎಂಬ ವಾದವನ್ನು ಸರ್ಕಾರದ ಪರವಾಗಿ ಮಂಡಿಸಲಾಯಿತು. ನ್ಯಾಯಾಲಯ ಅದನ್ನು ತಳ್ಳಿಹಾಕಿ, ಭೂಸೇನೆಯ ಮಹಿಳಾ ಅಧಿಕಾರಿಗಳಿಗೂ ಕಾಯಂ ಹುದ್ದೆ ಸಲ್ಲಬೇಕೆಂದು ತೀರ್ಪಿತ್ತಿತು. ನಮ್ಮ ಹಳ್ಳಿಗಳ, ನಮ್ಮ ಮನೆಗಳ ಮಾತೇ ದೆಹಲಿಯ ನ್ಯಾಯಾಲಯದಲ್ಲಿ ಹೆಣ್ಣಿನ ವಿರುದ್ಧ ಸಾಕ್ಷಿಯಾಗಿ ನಿಂತಿತಲ್ಲ ಎಂಬುದು ನಾವು ತಲೆತಗ್ಗಿಸಬೇಕಾದ ಸಂಗತಿ.

ನಾವು ಬಸ್ಸಿನಲ್ಲಿ ಹಾದುಹೋಗುವ ಹಲಸೂರು ಕೆರೆಯ ಆಸುಪಾಸು ೧೮೦೯ರಿಂದ ದಂಡಿನ ಪ್ರದೇಶ. ಈ ದಂಡಿನ ಬೆಂಗಳೂರಿನಲ್ಲಿಯೇ, ಸೇನಾ ಪೊಲೀಸ್ ದಳದ ತರಬೇತಿ ಕೇಂದ್ರದಿಂದ, ೨೦೨೧ರ ಮೇ ೮ರಂದು ೮೩ ಹೆಣ್ಣುಮಕ್ಕಳ ಮೊದಲ ತಂಡವು ೬೧ ವಾರಗಳ ತರಬೇತಿ ಮುಗಿಸಿ ಸೈನ್ಯವನ್ನು ಸೇರಿತು. 'ಬಳೆ ತೊಟ್ಟುಕೋ' ಎನ್ನುವ ಮುನ್ನ ಇನ್ನು ಮುಂದೆ ಆ ೮೩ ಜೊತೆ ಕೈಗಳನ್ನು ನೆನೆದರೆ ಸಾಕು.

'ಮನೆಯಲ್ಲೇ ಇದ್ದಾಳೆ'

ಹೊರಗೆ ದುಡಿಯದ ತಾಯಂದಿರ ಪಾಡು ಇನ್ನೂ ಸೂಕ್ಷ್ಮವಾದುದು. 'ನಮ್ಮಾಕೆ ಏನೂ ಮಾಡುವುದಿಲ್ಲ, ಮನೆಯಲ್ಲೇ ಇದ್ದಾಳೆ' ಎಂದು ಪರಿಚಯಿಸುವ ಗೃಹಸ್ಥರನ್ನು ನಾವು ಎಷ್ಟೋ ಕಂಡಿದ್ದೇವೆ. ಭಾರತ ಸರ್ಕಾರ ೨೦೧೯ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನು ವ್ಯಯಿಸುತ್ತಾರೆ; ಗಂಡಸರು ೯೭ ನಿಮಿಷ. ೨೦೨೪ರ ಸಮೀಕ್ಷೆಯಲ್ಲಿ ಇದು ೨೮೯ ಮತ್ತು ೮೮. ಸುಮಾರು ಐದು ಗಂಟೆಗಳ ದುಡಿಮೆ 'ಏನೂ ಮಾಡುವುದಿಲ್ಲ' ಎಂಬ ಎರಡು ಪದಗಳಲ್ಲಿ ಕರಗಿಹೋಗುತ್ತದೆ.

ಈ ಎರಡು ಪದಗಳೂ ನಡುಮನೆಯಲ್ಲಿಯೇ ಉಳಿಯಲಿಲ್ಲ. ೨೦೦೧ರ ಜನಗಣತಿಯಲ್ಲಿ ಗೃಹಿಣಿಯರನ್ನು ದುಡಿಯದವರೆಂದು ಗಣಿಸಿ, ಭಿಕ್ಷುಕರು, ಕೈದಿಗಳು ಮೊದಲಾದವರ ಸಾಲಿಗೆ ಸೇರಿಸಲಾಗಿತ್ತು. ಅಪಘಾತದಲ್ಲಿ ಮಡಿದ ಗೃಹಿಣಿಯೊಬ್ಬರ ಪರಿಹಾರದ ಮೊಕದ್ದಮೆಯಲ್ಲಿ, ೨೦೧೦ರಲ್ಲಿ, ಸುಪ್ರೀಂ ಕೋರ್ಟು ಇದನ್ನು ಕಟುವಾಗಿ ಟೀಕಿಸಿತು. ಬದಲಾವಣೆಯೂ ಬಂದಿದೆ. ೨೦೧೩ರ ಆಹಾರ ಭದ್ರತಾ ಕಾಯಿದೆಯಂತೆ ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಸ್ತ್ರೀಯೇ ಕುಟುಂಬದ ಮುಖ್ಯಸ್ಥೆ. ೨೦೨೩ರ ಆಗಸ್ಟ್ ೩೦ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆ 'ಮನೆಯ ಯಜಮಾನಿ'ಗೆ ತಿಂಗಳಿಗೆ ೨,೦೦೦ ರೂಪಾಯಿ ಗೊತ್ತುಪಡಿಸಿತು. ಸರ್ಕಾರಿ ಕಾಗದದ ಮೇಲೆ ಯಜಮಾನಿಯಾದ ತಾಯಿ, ಮನೆಯ ಪ್ರಮುಖ ಮಾತುಕತೆಗೆ ಕುಳಿತರೆ ಮಾತ್ರ, 'ನಿನಗೇನು ಗೊತ್ತು, ಒಳಗೆ ಹೋಗು' ಎಂಬ ಮಾತನ್ನೇ ಕೇಳಬೇಕೆ?

ನಮ್ಮ ಹಿರಿಯರ ಮನೆ

ಈ ವಿಷಯದಲ್ಲಿ ನಾವು ಹೊರಗಿನಿಂದ ಪಾಠ ಕಲಿಯಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮೂವತ್ತಕ್ಕೂ ಹೆಚ್ಚು ಶರಣೆಯರು ವಚನಗಳನ್ನು ರಚಿಸಿದರು. ವಯಸ್ಸಿನಲ್ಲಿ ಎಳೆಯಳಾದ ಮಹಾದೇವಿಯನ್ನು ಹಿರಿಯರೆಲ್ಲ 'ಅಕ್ಕ' ಎಂದರು. ಅಲ್ಲಮಪ್ರಭುಗಳು ಆಕೆಯನ್ನು ಕಠಿಣವಾಗಿಯೇ ಪ್ರಶ್ನಿಸಿದರು. ಉತ್ತರವನ್ನು ಪೂರ್ಣವಾಗಿ ಕೇಳಿದರು. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಪತ್ನಿ ಆಯ್ದಕ್ಕಿ ಲಕ್ಕಮ್ಮನವರು ಅದು ತರವಲ್ಲವೆಂದು ತಿದ್ದಿದರು. 'ಹೆಂಗಸಿನ ಮಾತು' ಎಂದು ಮಾರಯ್ಯನವರು ತಳ್ಳಿಹಾಕಲಿಲ್ಲ. ಈ ಕಥೆಗಳನ್ನು ಪ್ರವಚನದಲ್ಲಿ ನೂರು ಬಾರಿ ಹೇಳಿದ ನಾವೇ ಇಂದಿರಾನಗರದ ಮನೆಯಲ್ಲಿ ಆ ತಾಯಿಯ ಕೆಲಸವನ್ನು ಕೇಳಲಿಲ್ಲ. ಹೇಳುವುದಕ್ಕೂ ನಡೆಯುವುದಕ್ಕೂ ಇರುವ ದೂರ ಇಷ್ಟೇ, ಒಂದು ಪ್ರಶ್ನೆಯಷ್ಟು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ದೊಡ್ಡದೇನೂ ಅಲ್ಲ. ಗಂಡಸಿನ ಉದ್ಯೋಗವನ್ನು ಕೇಳುವಾಗ ಹೆಂಗಸಿನದನ್ನೂ ಕೇಳಿರಿ. ಗೃಹಿಣಿಯಾದರೆ ಅವರ ದಿನದ ದುಡಿಮೆಯನ್ನು ಕೇಳಿರಿ. ಮಕ್ಕಳಿಗೆ 'ಅಮ್ಮ ಬಂದರು' ಎನ್ನಲು ಕಲಿಸಿರಿ, ಇಲ್ಲವೇ ಅಪ್ಪನಿಗೂ ಅಮ್ಮನಿಗೂ ಒಂದೇ ಸಲುಗೆಯಿರಲಿ. ಮನೆಗೆಲಸಕ್ಕೆ ಬರುವವರನ್ನು ಹೆಸರು ಹಿಡಿದು, ಬಹುವಚನದಲ್ಲಿ ಕರೆಯಿರಿ. ಹೆಣ್ಣು ಆಡುತ್ತಿರುವ ಮಾತು ಮುಗಿಯುವವರೆಗೆ ತಾಳಿರಿ. ಅತ್ತೆಯಂದಿರಲ್ಲೂ ಒಂದು ಮಾತು: ತಾವು ಕೇಳಿ ನೊಂದ ಮಾತನ್ನು ಸೊಸೆಗೆ ದಾಟಿಸಬೇಡಿರಿ, ಅದು ನಿಮ್ಮಲ್ಲಿಯೇ ಕೊನೆಗೊಳ್ಳಲಿ. ಪಕ್ಕದವರು ಹಗುರ ಮಾತಾಡಿದಾಗ ನಗದಿರುವುದೂ ಒಂದು ಉತ್ತರ. ಅಂದು ಬಸ್ಸಿನಲ್ಲಿ ನಾವು ನಗಲಿಲ್ಲ. ಆದರೆ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆ ಮೌನದ ಪಶ್ಚಾತ್ತಾಪ ನಮಗಿನ್ನೂ ಇದೆ.

ಕಳೆದ ಕಾರ್ತಿಕ ಮಾಸದಲ್ಲಿ ಅದೇ ಮನೆಗೆ ಮತ್ತೆ ಹೋಗುವ ಸಂದರ್ಭ ಬಂದಿತು. ಈ ಬಾರಿ ಆ ತಾಯಿಯನ್ನು ಕುಳಿತುಕೊಳ್ಳಿರೆಂದು ಹೇಳಿ, ತಮ್ಮ ಕೆಲಸವೇನೆಂದು ಕೇಳಿದೆವು. ಮೊದಲು ಸಂಕೋಚದಿಂದ ಎರಡು ಮಾತಿನಲ್ಲಿ ಮುಗಿಸಿದರು. ಇನ್ನೂ ಕೇಳಿದೆವು. ಸೇತುವೆಗಳು ಹೊರಬೇಕಾದ ಭಾರವನ್ನು ಲೆಕ್ಕ ಹಾಕುವುದು ಅವರ ಕೆಲಸವಂತೆ. ಒಂದೇ ಸಲ ಬೀಳುವ ದೊಡ್ಡ ಭಾರವನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ. ದಿನವೂ ಸಾವಿರ ಬಾರಿ ಬಂದುಹೋಗುವ ಸಣ್ಣ ಭಾರದಿಂದಲೂ ಉಕ್ಕು ಒಳಗೊಳಗೇ ದಣಿದು ಬಿರುಕು ಬಿಡುತ್ತದೆ, ಅದನ್ನು ಮೊದಲೇ ಕಂಡುಹಿಡಿಯಬೇಕು ಎಂದು ವಿವರಿಸಿದರು. ಅರ್ಧ ತಾಸು ಅವರು ಹೇಳಿದರು, ನಾವು ಕೇಳಿದೆವು.

ಬಾಗಿಲಲ್ಲಿ ನಿಂತಿದ್ದ ಆ ಹುಡುಗ ಈಗ ನಮ್ಮ ಭುಜದೆತ್ತರಕ್ಕೆ ಬೆಳೆದಿದ್ದಾನೆ. ಹೊರಡುವಾಗ ಅವನ ತಲೆಯ ಮೇಲೆ ಕೈಯಿಟ್ಟು ಹರಸಿ, ಅಂದು ನೀನು ಕೇಳಿದ್ದು ಸರಿಯಾದ ಪ್ರಶ್ನೆ ಎಂದು ಎಲ್ಲರ ಎದುರಿಗೇ ಹೇಳಿ ಬಂದೆವು.